ಸೂಜಿಗೆ ದಾರ ಪೋಣಿಸಲು ಎಷ್ಟು ಸಲ: ನಾನು ಹೋಗುವ ಮಾನಸಿಕ ಆರೋಗ್ಯ ಕೇಂದ್ರದ ಬಗ್ಗೆ

ನನ್ನ ಕಸುಬು ಹೊಲಿಗೆ. ಮಷೀನಿಗಿಂತ ಕೈಹೊಲಿಗೆಯೇ ಹೆಚ್ಚು: ಕಾಜ, ಹೆಮ್ಮಿಂಗ್, ಹುಕ್ಕು, ಮಣಿ ಕೂರಿಸುವುದು. ಹನ್ನೊಂದು ವರ್ಷದಿಂದ ನನಗೆ ಬೈಪೋಲಾರ್ ಕಾಯಿಲೆ ಇದೆ. ಒಮ್ಮೊಮ್ಮೆ ವಾರಗಟ್ಟಲೆ ಹಾಸಿಗೆಯಿಂದ ಏಳಲಾಗದಷ್ಟು ಮನಸ್ಸು ಕುಸಿಯುತ್ತದೆ. ಒಮ್ಮೊಮ್ಮೆ ನಿದ್ದೆಯೇ ಬೇಡ ಅನ್ನಿಸುವಷ್ಟು ಏರುತ್ತದೆ. ಎರಡೂವರೆ ವರ್ಷದಿಂದ ಒಂದು ಕೇಂದ್ರಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಮನೋವೈದ್ಯರಿದ್ದಾರೆ, ಕೌನ್ಸೆಲರ್ ಇದ್ದಾರೆ, ಹಗಲು ಹೊತ್ತು ಕೂತು ಕೆಲಸ ಮಾಡುವ ಒಂದು ಹಾಲ್ ಇದೆ, ತೀರಾ ಬೇಕಾದಾಗ ಉಳಿದುಕೊಳ್ಳಲು ಆರು ಹಾಸಿಗೆಗಳಿವೆ.

ಹೆಸರು ಹಾಕುತ್ತಿಲ್ಲ. ಅಲ್ಲಿ ನನ್ನ ಪಕ್ಕ ಕೂರುವ ಹಲವರು ತಾವು ಅಲ್ಲಿಗೆ ಬರುವುದನ್ನು ಮನೆಯವರಿಗೂ ಹೇಳಿಲ್ಲ. ನನ್ನ ಬರಹದಿಂದ ಅವರ ಗುರುತು ಯಾರಿಗೂ ಹತ್ತಬಾರದು. ಆದರೆ ಇಂಥ ಕೇಂದ್ರವನ್ನು ಹುಡುಕುತ್ತಿರುವವರಿಗೆ, ಯಾವುದನ್ನು ನೋಡಿ ನಂಬಬಹುದು, ಎಲ್ಲಿ ಎಚ್ಚರವಾಗಿರಬೇಕು ಎಂಬುದು ತಿಳಿಯಲಿ ಅಂತ ಬರೆಯುತ್ತಿದ್ದೇನೆ. ‘ವ್ಯಕ್ತಿಕೇಂದ್ರಿತ ಆರೈಕೆ’ ಅಂತ ಈಗ ಎಲ್ಲರೂ ಬೋರ್ಡಿನಲ್ಲಿ ಬರೆಸುತ್ತಾರೆ. ನಾನು ನೋಡುವುದು ಒಂದನ್ನೇ: ನಾನು ಒಂದು ಮಾತು ಹೇಳಿದ ಮೇಲೆ ಅವರು ಮಾಡುವ ಕೆಲಸದಲ್ಲಿ ಏನಾದರೂ ಬದಲಾಯಿತಾ?

ಇದಕ್ಕೂ ಮುಂಚೆ ಬೇರೆ ಕಡೆ ಆರು ವರ್ಷ ತೋರಿಸಿಕೊಂಡಿದ್ದೆ. ಲಿಥಿಯಂ ಶುರುವಾಗಿದ್ದು ಅಲ್ಲೇ. ಮಾತ್ರೆ ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವುದಿಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಮೇನಿಯಾಕ್ಕೆ, ಅಂದರೆ ಮನಸ್ಸು ಮಿತಿಮೀರಿ ಏರುವ ಸ್ಥಿತಿಗೆ, ಬಳಸಿ ನೋಡಿದ ಈ ಲವಣ ಇವತ್ತಿಗೂ ಈ ಕಾಯಿಲೆಯ ಮುಖ್ಯ ಔಷಧಗಳಲ್ಲೊಂದು. ಆದರೆ ಅದರಿಂದ ಕೈ ಸಣ್ಣಗೆ ನಡುಗುತ್ತದೆ. ಎಲ್ಲರಿಗೂ ಅಲ್ಲ, ನನಗೆ ನಡುಗಿತು. ಲೋಟ ಹಿಡಿಯಲು ತೊಂದರೆಯಿಲ್ಲ, ಸಹಿ ಹಾಕಲು ತೊಂದರೆಯಿಲ್ಲ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಮೂರು ಭೇಟಿಯಲ್ಲಿ ಮೂರು ಸಲ ಹೇಳಿದೆ. ‘ಕಾಯಿಲೆ ಹತೋಟಿಯಲ್ಲಿದೆಯಲ್ಲ, ಅದು ಮುಖ್ಯ’ ಎಂಬ ಉತ್ತರ ಬಂತು. ಅದೂ ನನಗಲ್ಲ, ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮನಿಗೆ. ನಿದ್ದೆ ಮಾಡ್ತಾರಾ, ಊಟ ಮಾಡ್ತಾರಾ, ಮಾತ್ರೆ ತಗೋತಾರಾ, ಎಲ್ಲ ಪ್ರಶ್ನೆಯೂ ಅವನಿಗೇ. ನಾನು ಅವರಿಬ್ಬರ ಮಧ್ಯೆ ಕೂತು, ಯಾರದೋ ಸುದ್ದಿ ಕೇಳಿದ ಹಾಗೆ ಕೇಳಿಸಿಕೊಳ್ಳುತ್ತಿದ್ದೆ.

ಈಗಿನ ಕೇಂದ್ರಕ್ಕೆ ಮೊದಲ ದಿನ ಹೋದಾಗ ಡಾಕ್ಟರ್ ಎದ್ದು ನಿಂತು ಇಬ್ಬರಿಗೂ ಕುರ್ಚಿ ತೋರಿಸಿದರು. ಆಮೇಲೆ ನನ್ನನ್ನೇ ಕೇಳಿದರು: ‘ನಿಮ್ಮ ತಮ್ಮ ಒಳಗೆ ಇರಬೇಕಾ, ಹೊರಗೆ ಇರಬೇಕಾ? ಅಥವಾ ಸ್ವಲ್ಪ ಹೊತ್ತು ಹೊರಗಿದ್ದು ಆಮೇಲೆ ಬರಲಾ?’ ಮೂರನೆಯದು ಸಾಧ್ಯ ಅಂತಲೇ ನನಗೆ ಗೊತ್ತಿರಲಿಲ್ಲ. ತಮ್ಮ ಎದ್ದು ಹೋದ. ಬಾಗಿಲು ಹಾಕಿದ ಮೇಲೆ ಅವರು ಹೇಳಿದ್ದು ಗೋಪ್ಯತೆಯ ವಿಷಯ. ನಾನು ಹೇಳಿದ್ದು ಆ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಆದರೆ ನನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಮಗುವಿಗೆ ಹಿಂಸೆಯಾಗುತ್ತಿದ್ದರೆ, ಕೋರ್ಟು ಕೇಳಿದರೆ ಮೌನವಾಗಿರಲು ಆಗದೆ ಹೋಗಬಹುದು. ಆಗಲೂ ಸಾಧ್ಯವಿದ್ದರೆ ಮೊದಲು ನನಗೇ ಹೇಳುತ್ತಾರೆ. ಗುಟ್ಟಿನ ಗಡಿ ಎಲ್ಲಿದೆ ಅಂತ ಮೊದಲೇ ತೋರಿಸಿದ್ದು ನನಗೆ ಹಿಡಿಸಿತು. ಎಲ್ಲವೂ ಗುಟ್ಟಾಗಿರುತ್ತದೆ ಅಂತ ಮಾತು ಕೊಟ್ಟು ಆಮೇಲೆ ಮುರಿಯುವವರನ್ನು ಕಂಡಿದ್ದೇನೆ.

ಕೈನಡುಕದ ಮಾತು ನಾನಾಗಿ ಎತ್ತುವ ಮೊದಲೇ ‘ನಿಮ್ಮ ಕೆಲಸ ಏನು?’ ಅಂದರು. ಹೊಲಿಗೆ ಅಂದ ಕೂಡಲೇ ಅವರ ಕಣ್ಣು ನನ್ನ ಕೈ ಮೇಲೆ ಹೋಯಿತು. ಕಾಗದದ ಮೇಲೆ ಸುರುಳಿ ಬರೆಯಲು ಹೇಳಿದರು. ನಡುಕ ನೋಡಲು ವೈದ್ಯರು ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆ ಅದು: ನಡುವಿನಿಂದ ಶುರುಮಾಡಿ, ಗೆರೆ ಒಂದಕ್ಕೊಂದು ತಾಗದಂತೆ ಸುತ್ತುತ್ತಾ ಹೊರಗೆ ಬರಬೇಕು. ನನ್ನ ಗೆರೆ ಸಣ್ಣ ಗರಗಸದ ಹಾಗೆ ಬಂತು. ‘ಇದರಿಂದ ನನಗೆ ಅರ್ಧ ಗೊತ್ತಾಯಿತು. ನಿಮಗೆ ಬೇಕಾದದ್ದು ಸುರುಳಿ ಅಲ್ಲವಲ್ಲ. ಏನು ಮಾಡಿಸಿ ನೋಡಲಿ?’ ಅಂದರು. ನನ್ನ ಚೀಲದಲ್ಲಿ ಸೂಜಿಪೆಟ್ಟಿಗೆ ಯಾವಾಗಲೂ ಇರುತ್ತದೆ. ಎಂಟನೇ ನಂಬರಿನ ಸೂಜಿ, ಬಿಳಿ ದಾರ ತೆಗೆದೆ. ಕಿಟಕಿಯ ಬೆಳಕಿಗೆ ತಿರುಗಿ ಕೂತೆ. ದಾರದ ತುದಿ ಒದ್ದೆ ಮಾಡಿ ಚೂಪು ಮಾಡಿದೆ. ಸೂಜಿಯ ಕಣ್ಣಿನ ಹತ್ತಿರ ಬಂದಾಗ ದಾರ ಎಡಕ್ಕೂ ಬಲಕ್ಕೂ ತೂಗುತ್ತದೆ, ಒಳಗೆ ಹೋದಂತೆ ಕಾಣುತ್ತದೆ, ಎಳೆದರೆ ಹೊರಗೇ ಇರುತ್ತದೆ. ಹದಿನಾಲ್ಕನೇ ಸಲಕ್ಕೆ ಹೋಯಿತು. ಅವರು ಅಷ್ಟೂ ಹೊತ್ತು ಗಡಿಯಾರ ನೋಡಲಿಲ್ಲ. ಆಮೇಲೆ ಫೈಲಿನಲ್ಲಿ ಬರೆದು, ಬರೆದದ್ದನ್ನು ನನ್ನ ಕಡೆ ತಿರುಗಿಸಿ ತೋರಿಸಿದರು: ‘ಸೂಜಿಗೆ ದಾರ: 14 ಯತ್ನ. ಕಾಯಿಲೆ ಬರುವ ಮುಂಚೆ: 1 ಅಥವಾ 2.’

ಅವತ್ತು ಬಸ್ಸಿನಲ್ಲಿ ಅತ್ತೆ. ಆರು ವರ್ಷ ನನ್ನ ಬಾಯಿಂದ ಬಂದು ಗಾಳಿಯಲ್ಲಿ ಕರಗಿದ ಮಾತು ಮೊದಲ ಸಲ ಒಂದು ಕಾಗದದ ಮೇಲೆ ನಿಂತಿತ್ತು.

ರಕ್ತಪರೀಕ್ಷೆ ಮಾಡಿಸಿದರು. ಕೊನೆಯ ಮಾತ್ರೆ ತೆಗೆದುಕೊಂಡು ಹನ್ನೆರಡು ಗಂಟೆಯಾದ ಮೇಲೆ ರಕ್ತ ಕೊಡಬೇಕು, ಇಲ್ಲದಿದ್ದರೆ ಲಿಥಿಯಂ ಮಟ್ಟ ತಪ್ಪು ತೋರಿಸುತ್ತದೆ ಎಂಬುದನ್ನು ಅಲ್ಲಿಯವರೆಗೆ ನನಗೆ ಯಾರೂ ವಿವರಿಸಿರಲಿಲ್ಲ. ಥೈರಾಯ್ಡ್, ಮೂತ್ರಪಿಂಡ ಎರಡನ್ನೂ ಆಗಾಗ ನೋಡುತ್ತಿರಬೇಕು, ವಾಂತಿಭೇದಿಯಾಗಿ ಮೈಯ ನೀರು ಕಡಿಮೆಯಾದರೆ ಲಿಥಿಯಂ ಮಟ್ಟ ಅಪಾಯಕ್ಕೆ ಏರಬಹುದು, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳಿಂದಲೂ ಏರಬಹುದು, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ದಿನವಿಡೀ ಬಗ್ಗಿ ಕೂರುವ ನನಗೆ ಸೊಂಟನೋವು ಮಾಮೂಲು. ಆರು ವರ್ಷ ನಾನು ನುಂಗಿದ್ದು ಅದೇ ನೋವಿನ ಮಾತ್ರೆ. ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಒಪ್ಪಿಗೆ ಅಂತ ಸಹಿ ಹಾಕಿಸಿಕೊಂಡಿದ್ದರು ಹಿಂದಿನ ಕಡೆ. ಏನಕ್ಕೆ ಒಪ್ಪಿಗೆ ಅಂತ ಗೊತ್ತಿಲ್ಲದೆ ಹಾಕಿದ ಸಹಿ ಒಪ್ಪಿಗೆ ಹೇಗಾಗುತ್ತದೆ?

ಲಿಥಿಯಂ ಮಟ್ಟ 1.0 ಇತ್ತು. ಡಾಕ್ಟರ್ ಮೂರು ದಾರಿ ಮುಂದಿಟ್ಟರು. ಡೋಸ್ ಸ್ವಲ್ಪ ಇಳಿಸಿ ನೋಡಬಹುದು, ಆದರೆ ಮೇನಿಯಾ ಮರಳುವ ಸಾಧ್ಯತೆ ಕೊಂಚ ಹೆಚ್ಚುತ್ತದೆ. ನಡುಕಕ್ಕೆಂದೇ ಪ್ರೊಪ್ರನೊಲಾಲ್ ಎಂಬ ಇನ್ನೊಂದು ಮಾತ್ರೆ ಸೇರಿಸಬಹುದು. ನನಗೆ ಚಿಕ್ಕಂದಿನಿಂದ ಆಸ್ತಮಾ, ಹಾಗಾಗಿ ಅದು ಬೇಡ. ಬೇರೆ ಔಷಧಕ್ಕೆ ಹೋಗಬಹುದು. ಅದರಲ್ಲಿ ಕೆಲವಕ್ಕೆ ಮೈ ತೂಕ ಏರುತ್ತದೆ, ಕೆಲವಕ್ಕೆ ಅದರದೇ ನಡುಕ ಇರುತ್ತದೆ. ‘ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡ್ತೀನಿ ಅಂತ ಕೇಳಿದರೆ ಹೇಳ್ತೀನಿ. ಆದರೆ ನಾನು ಹೊಲಿಗೆ ಕೆಲಸದವನಲ್ಲ’ ಅಂದರು. ಒಂದು ವಾರ ಯೋಚಿಸಿ ಡೋಸ್ ಇಳಿಸುವುದನ್ನು ಆರಿಸಿಕೊಂಡೆ. ಮುನ್ಸೂಚನೆ ಕಂಡರೆ ಫೋನ್ ಮಾಡಲು ತಮ್ಮನಿಗೆ ಅನುಮತಿ ಕೊಟ್ಟು ಬರೆದೆ. ಮೂರು ತಿಂಗಳಲ್ಲಿ ಮಟ್ಟ 0.7ಕ್ಕೆ ಬಂತು. ದಾರ ಐದನೇ ಸಲಕ್ಕೆ ಹೋಗತೊಡಗಿತು.

ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ ಅಂತ ಯಾರೂ ತಿಳಿಯಬಾರದು. ಎರಡನೇ ವರ್ಷ ನನಗೆ ಮಾತ್ರೆಯೇ ಬೇಡ ಅನ್ನಿಸಿತ್ತು. ಚೆನ್ನಾಗಿದ್ದೆ, ಕೈತುಂಬ ಕೆಲಸ ಇತ್ತು. ಡಾಕ್ಟರ್ ನೇರವಾಗಿ ‘ನಾನು ಒಪ್ಪುವುದಿಲ್ಲ’ ಅಂದರು. ಲಿಥಿಯಂ ಹಠಾತ್ತನೆ ನಿಲ್ಲಿಸಿದರೆ ಮೇನಿಯಾ ಬೇಗ ಮರಳುವ ಅಪಾಯ ಹೆಚ್ಚು, ಅದಕ್ಕೇ ಬೇಡ ಅನ್ನುತ್ತಿದ್ದೇನೆ ಅಂದರು. ಮುಂದೆ ಹೇಳಿದ ಮಾತಿಗಾಗಿಯೇ ನಾನು ಅವರನ್ನು ನಂಬುವುದು: ‘ಆದರೂ ನೀವು ಬಿಡಲೇಬೇಕು ಅಂತ ನಿರ್ಧಾರ ಮಾಡಿದರೆ ನನಗೆ ತಿಳಿಸದೆ ಬಿಡಬೇಡಿ. ತಿಂಗಳುಗಟ್ಟಲೆ ನಿಧಾನವಾಗಿ ಇಳಿಸೋಣ, ನಾನು ಜತೆಗಿರ್ತೀನಿ.’ ಹೆದರಿಸಲಿಲ್ಲ, ಕೈಬಿಡುತ್ತೇನೆ ಅನ್ನಲಿಲ್ಲ. ಹಿಂದೆ ಇದೇ ಮಾತಿಗೆ ‘ಹಾಗಾದರೆ ಇಲ್ಲಿಗೆ ಬರಬೇಡಿ’ ಅನ್ನಿಸಿಕೊಂಡಿದ್ದೆ, ಆಗ ಮನೆಯಲ್ಲಿ ಗುಟ್ಟಾಗಿ ಮಾತ್ರೆ ಬಚ್ಚಲಿಗೆ ಹಾಕುತ್ತಿದ್ದೆ. ಈ ಸಲ ಮುಂದುವರಿಸಿದೆ. ಮುಂದೆ ಮತ್ತೆ ಕೇಳಬಹುದು ಅಂತಲೂ ಗೊತ್ತಿದೆ.

ಕೌನ್ಸೆಲಿಂಗ್ ಬಗ್ಗೆ ಮೊದಲಿಗೆ ನನ್ನ ಅಭಿಪ್ರಾಯ ಚೆನ್ನಾಗಿರಲಿಲ್ಲ. ಮೊದಲ ಸರದಿ ಸಿಗಲು ಏಳು ವಾರ ಕಾಯಿಸಿದರು. ಸಿಕ್ಕ ಮೇಲೆ ನಾಲ್ಕು ವಾರ ಗೋಡೆಯ ಜತೆ ಮಾತಾಡಿದ ಹಾಗಿತ್ತು. ನಾನು ಹೇಳಿದ್ದನ್ನೇ ಇನ್ನೊಂದು ಥರ ತಿರುಗಿಸಿ ಹೇಳುವುದು, ಸುಮ್ಮನೆ ಕೂರುವುದು. ‘ಅಕ್ಕ ತಂಗಿ ಥರ ಹೇಳಿ ಮೇಡಂ, ಏನು ಮಾಡಲಿ ನಾನು?’ ಅಂದರೆ ‘ನಿಮಗೆ ಏನನ್ನಿಸುತ್ತೆ?’ ಅನ್ನುವರು. ಐದನೇ ವಾರ ಬಾಯಿ ಬಿಟ್ಟು ಹೇಳಿಯೇಬಿಟ್ಟೆ: ನೀವು ಕೇಳಿಸಿಕೊಳ್ಳುತ್ತಿದ್ದೀರಿ ಅಂತ ನನಗೆ ಅನ್ನಿಸುತ್ತಿಲ್ಲ. ಅವರ ಮುಖ ಸ್ವಲ್ಪ ಸಪ್ಪಗಾಯಿತು, ಮುಚ್ಚಿಡಲಿಲ್ಲ. ‘ಹಾಗಾದರೆ ನಾನು ಮಾಡ್ತಿರೋದು ನಿಮ್ಮನ್ನ ಮುಟ್ಟುತ್ತಿಲ್ಲ. ಹೇಳಿದ್ದು ಒಳ್ಳೇದಾಯ್ತು’ ಅಂದರು.

ಅವತ್ತೇ ಅವರು ಕಾರ್ಲ್ ರೋಜರ್ಸ್ ಬಗ್ಗೆ ಹೇಳಿದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ. ಎದುರಿಗೆ ಕೂತವರಿಗೆ ತಮ್ಮ ದಾರಿ ತಾವೇ ಕಂಡುಕೊಳ್ಳುವ ಶಕ್ತಿ ಇದೆ, ಅದಕ್ಕೆ ಅನುಕೂಲವಾದ ವಾತಾವರಣ ಕೊಡುವುದು ಚಿಕಿತ್ಸಕರ ಕೆಲಸ ಎಂದು ನಂಬಿ ಅದರ ಸುತ್ತ ಒಂದು ಪದ್ಧತಿಯನ್ನೇ ಕಟ್ಟಿದವರು. ಮನಸ್ಸು ಬದಲಾಗಲು ಏನೇನು ಇರಬೇಕು ಅಂತ 1957ರಲ್ಲಿ ಆರು ಷರತ್ತು ಬರೆದರು. ಅದರಲ್ಲಿ ಮೂರು ಎಲ್ಲರೂ ಹೇಳುವಂಥವು: ಚಿಕಿತ್ಸಕರು ಮುಖವಾಡವಿಲ್ಲದೆ ಇರಬೇಕು, ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ಎದುರಿನವರ ಒಳಗಿನಿಂದ ನೋಡಿ ಅರಿಯಬೇಕು. ಆರನೆಯದನ್ನು ಯಾರೂ ಹೇಳುವುದಿಲ್ಲ, ನನಗೆ ಮುಖ್ಯವಾದದ್ದು ಅದೇ: ಆ ಒಪ್ಪಿಗೆ, ಆ ಅರಿವು ಸ್ವಲ್ಪ ಮಟ್ಟಿಗಾದರೂ ಎದುರಿನವರಿಗೆ ತಲುಪಿರಬೇಕು. ಕೌನ್ಸೆಲರ್ ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೂತಿರಲಿ, ನನಗೆ ಅದು ಮುಟ್ಟದಿದ್ದರೆ ಆ ಲೆಕ್ಕಕ್ಕೆ ಕೆಲಸ ಆಗಿಲ್ಲ. ಮುಟ್ಟಿತೋ ಇಲ್ಲವೋ ಅಂತ ಹೇಳಬಲ್ಲವಳು ನಾನೊಬ್ಬಳೇ.

ಅಂದಿನಿಂದ ಪ್ರತಿ ಸಲ ಮುಗಿಯುವ ಐದು ನಿಮಿಷ ಮುಂಚೆ ಕೇಳುತ್ತಾರೆ: ‘ಇವತ್ತು ಯಾವುದು ತಪ್ಪಿತು?’ ಯಾವುದು ಚೆನ್ನಾಗಿತ್ತು ಅಂತ ಕೇಳಿದರೆ ನಾನು ಸಂಕೋಚಕ್ಕೆ ಎಲ್ಲ ಚೆನ್ನಾಗಿತ್ತು ಅಂದುಬಿಡುತ್ತೇನೆ. ತಪ್ಪಿದ್ದು ಕೇಳಿದರೆ ಹೇಳಲೇಬೇಕಾಗುತ್ತದೆ. ಇದಾದ ಮೇಲೆ ಆ ಕೋಣೆಯಲ್ಲಿ ನಾನು ಮುಚ್ಚಿಟ್ಟಿದ್ದು ಕಡಿಮೆ. ಕಟ್ಟಿಹಾಕಿದ ರಾತ್ರಿಯ ಮಾತೂ ಅಲ್ಲೇ ಹೊರಬಂತು.

ಅದನ್ನೂ ಬರೆಯಬೇಕು. ಎಂಟು ವರ್ಷದ ಹಿಂದೆ, ಈ ಎರಡು ಕಡೆಯೂ ಅಲ್ಲದ ಬೇರೊಂದು ಆಸ್ಪತ್ರೆಯಲ್ಲಿ, ತುಂಬ ಏರಿದ್ದಾಗ ನನ್ನ ಎರಡೂ ಕೈಗಳನ್ನು ಒಂದು ಇಡೀ ರಾತ್ರಿ ಮಂಚಕ್ಕೆ ಕಟ್ಟಿದ್ದರು. ದಪ್ಪ ಹತ್ತಿ ಬಟ್ಟೆಯ ಪಟ್ಟಿ. ಅಂಚು ಹೊಲಿದಿರಲಿಲ್ಲ, ಎಳೆ ಬಿಚ್ಚಿಕೊಂಡು ಮಣಿಕಟ್ಟಿಗೆ ಚುಚ್ಚುತ್ತಿತ್ತು. ನನಗೆ ನೀರು ಬೇಕಿತ್ತು, ಕೇಳಿದರೂ ಯಾರೂ ಬರಲಿಲ್ಲ. ಬೆಳಿಗ್ಗೆ ಬಿಚ್ಚಿದವರು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಅಂಚು ಹೊಲಿಯದ ಹತ್ತಿ ಬಟ್ಟೆ ಮುಟ್ಟಿದರೆ ಮೈ ಜುಂ ಎನ್ನುತ್ತದೆ, ಮೊದಲು ಅಂಚು ಮಡಿಸಿ ಟಾಕು ಹಾಕಿಯೇ ಮುಂದಿನ ಕೆಲಸ.

ಕೌನ್ಸೆಲರ್ ಇದನ್ನು ಕೇಳಿ ಬೇಗ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ಅದು ನಿಮಗೆ ಮಾಡಿದ ಅನ್ಯಾಯ’ ಅಂದರು. ನಿನ್ನ ಒಳ್ಳೇದಕ್ಕೇ ಮಾಡಿದ್ದು ಎಂಬ ಮಾತನ್ನಷ್ಟೇ ಅಲ್ಲಿಯವರೆಗೆ ಕೇಳಿದ್ದೆ. ನಂತರ ನಾವಿಬ್ಬರೂ, ಡಾಕ್ಟರೂ, ತಮ್ಮನೂ ಕೂತು ಒಂದು ಮುಂಗಡ ಯೋಜನೆ ಬರೆದೆವು. ನಾನು ಚೆನ್ನಾಗಿರುವಾಗ, ಚೆನ್ನಾಗಿಲ್ಲದ ನನ್ನ ಪರವಾಗಿ ಹೇಳಿಟ್ಟ ಮಾತು ಅದು. ಎರಡು ಪುಟ. ಮುನ್ಸೂಚನೆ ಏನು: ಎರಡು ರಾತ್ರಿ ನಿದ್ದೆ ಇಲ್ಲದಿರುವುದು, ನಡುರಾತ್ರಿ ಬಟ್ಟೆ ಕತ್ತರಿಸಲು ಕೂರುವುದು, ಗಿರಾಕಿಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುವುದು. ಯಾರಿಗೆ ತಿಳಿಸಬೇಕು: ತಮ್ಮನಿಗೆ ಮತ್ತು ನನ್ನ ಗೆಳತಿಗೆ, ಇನ್ಯಾರಿಗೂ ಬೇಡ. ಹೇಗೆ ಮಾತಾಡಿಸಬೇಕು: ಹೆಸರು ಹಿಡಿದು, ಎದುರಿನಿಂದ ಬಂದು, ಹಿಂದಿನಿಂದ ಮುಟ್ಟಬಾರದು. ಕತ್ತರಿ ತೆಗೆದಿಡುವುದಾದರೆ ನನಗೆ ಹೇಳಿ, ನನ್ನ ಕೈಯಿಂದಲೇ ಕೇಳಿ ತಗೊಳ್ಳಬೇಕು. ಯಾವ ಇಂಜೆಕ್ಷನ್‌ಗೆ ಒಪ್ಪುತ್ತೇನೆ, ಯಾವುದಕ್ಕೆ ಒಪ್ಪುವುದಿಲ್ಲ. ಕೊನೆಯ ಸಾಲು ನಾನೇ ಬರೆದೆ: ಕೈ ಕಟ್ಟಬೇಡಿ, ಪಕ್ಕದಲ್ಲಿ ಒಬ್ಬರು ಕೂತಿರಿ.

ಕಳೆದ ವರ್ಷ ಆ ಯೋಜನೆ ಬೇಕಾಯಿತು. ಮೂರು ರಾತ್ರಿ ನಿದ್ದೆ ಇರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಒಂದು ಗಿರಾಕಿಯ ಏಳು ಮೀಟರ್ ರೇಷ್ಮೆ ಬಟ್ಟೆಯನ್ನು ಯಾವ ಅಳತೆಗೂ ಸೇರದ ತುಂಡುಗಳಾಗಿ ಕತ್ತರಿಸಿದ್ದೆ. ಆ ಹೊತ್ತಿನಲ್ಲಿ ಅವು ನನಗೆ ಅದ್ಭುತವಾಗಿ ಕಂಡಿದ್ದವು. ಕೇಂದ್ರದ ರಾತ್ರಿ ನಂಬರಿಗೆ ತಮ್ಮ ಫೋನ್ ಮಾಡಿದ. ಎತ್ತಿದವರಿಗೆ ನನ್ನ ಯೋಜನೆಯ ಸುಳಿವೇ ಇರಲಿಲ್ಲ. ‘ಹೇಗಾದರೂ ಮಾಡಿ ಹಿಡಿದು ಕರೆತನ್ನಿ’ ಅಂದರು. ಬರೆದ ಕಾಗದ ಇದೆ ಸಾರ್ ಅಂತ ತಮ್ಮ ಬೇಡಿಕೊಂಡ. ಕಾಗದ ಹಗಲಿನ ಬೀರುವಿನಲ್ಲಿತ್ತು, ಬೀರುವಿಗೆ ಬೀಗ ಹಾಕಿತ್ತು. ಅವನ ಹತ್ತಿರ ಒಂದು ಪ್ರತಿ ಇದ್ದದ್ದಕ್ಕೆ ಬಚಾವಾದೆವು. ಅದನ್ನೇ ಫೋನಿನಲ್ಲಿ ಸಾಲುಸಾಲಾಗಿ ಓದಿದ.

ಓದಿ ಹೇಳಿದ ಮೇಲೆ ನಡೆದದ್ದೆಲ್ಲ ಬರೆದ ಹಾಗೇ ನಡೆಯಿತು. ಪರಿಚಯದ ನರ್ಸ್ ಒಬ್ಬರು ಬಂದರು. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರು. ‘ಕತ್ತರಿ ನನ್ನ ಕೈಗೆ ಕೊಡ್ತೀರಾ? ನಾಳೆ ನೀವು ಕೇಳಿದಾಗ ಕೊಡ್ತೀನಿ’ ಅಂದರು. ಕೊಟ್ಟೆ. ಆರು ದಿನ ಅಲ್ಲಿದ್ದೆ, ನನ್ನ ಒಪ್ಪಿಗೆಯಿಂದ. ಎರಡನೇ ರಾತ್ರಿ ತುಂಬ ಕೂಗಾಡಿದೆನಂತೆ. ಒಬ್ಬರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಬೆಳಗಿನವರೆಗೆ ಕೂತಿದ್ದರು. ಎರಡು ಸಲ ನೀರು ತಂದುಕೊಟ್ಟದ್ದು ನನಗೆ ನೆನಪಿದೆ.

ಮನೆಗೆ ಬಂದ ಮೇಲೆ ರಾತ್ರಿ ಫೋನಿನ ವಿಷಯಕ್ಕೆ ದೂರು ಬರೆದುಕೊಟ್ಟೆ. ಹತ್ತು ದಿನದಲ್ಲಿ ಕರೆಸಿದರು. ಫೋನ್ ಎತ್ತಿದವರೂ ಬಂದಿದ್ದರು. ನನ್ನ ಬಗ್ಗೆ ಮೊದಲು ತಾವು ತಾವೇ ಮಾತಾಡಿಕೊಂಡು ಆಮೇಲೆ ನನ್ನನ್ನು ಕರೆಯುವ ಪದ್ಧತಿ ಅಲ್ಲಿಲ್ಲ. ಏನಿದ್ದರೂ ನನ್ನೆದುರೇ. ಫಿನ್ಲೆಂಡಿನ ಟಾರ್ನಿಯೊ ಊರಿನ ಕೆರೊಪುಡಾಸ್ ಆಸ್ಪತ್ರೆಯವರು 1984ರಲ್ಲಿ ಈ ನಿಯಮ ಮಾಡಿಕೊಂಡರಂತೆ: ರೋಗಿಯ ಚಿಕಿತ್ಸೆಯ ಬಗ್ಗೆ ರೋಗಿಯಿಲ್ಲದೆ ಮಾತಾಡುವಂತಿಲ್ಲ. ‘ಓಪನ್ ಡಯಲಾಗ್’ ಅನ್ನುವ ಪದ್ಧತಿ ಬೆಳೆದದ್ದು ಅಲ್ಲಿಂದ. ಕೇಳಲು ಸುಲಭ, ಕೂರಲು ಕಷ್ಟ. ಆ ಸಭೆಯಲ್ಲಿ ಡಾಕ್ಟರ್ ನನ್ನ ಮುಂದೆಯೇ ನರ್ಸಿಗೆ ‘ಡೋಸ್ ಇಳಿಸಿದ್ದು ಕಾರಣವಾಯಿತಾ ಅಂತ ನನಗೆ ಅನುಮಾನ ಇದೆ’ ಅಂದರು. ಎದೆ ಧಸಕ್ ಅಂತು. ನರ್ಸ್ ‘ಆ ತಿಂಗಳು ಅವರು ದಿನಕ್ಕೆ ನಾಲ್ಕು ಗಂಟೆ ಮಲಗಿ ಆರ್ಡರ್ ಮುಗಿಸ್ತಿದ್ದರು, ಅದನ್ನೂ ನೋಡಬೇಕು’ ಅಂದರು. ಎರಡೂ ನಿಜ ಇರಬಹುದು. ಡೋಸ್ ಹಾಗೇ ಇಟ್ಟು, ರಾತ್ರಿ ಹನ್ನೊಂದರ ಮೇಲೆ ಕೆಲಸ ಮಾಡುವುದಿಲ್ಲ ಅಂತ ನಾನೇ ಯೋಜನೆಗೆ ಸೇರಿಸಿದೆ. ಗಿರಾಕಿಗೆ ರೇಷ್ಮೆಯ ಬೆಲೆ ಕಂತಿನಲ್ಲಿ ತೀರಿಸಿದೆ.

ದೂರಿಗೆ ಬಂದ ಉತ್ತರ ಕಾಗದದಲ್ಲಿ ಬಂತು. ‘ನಮ್ಮಿಂದ ತಪ್ಪಾಗಿದೆ’ ಎಂಬ ಸಾಲು ಮೊದಲನೆಯದು. ಈಗ ಯೋಜನೆ ಇರುವ ಎಲ್ಲರ ಪ್ರತಿಯೂ ರಾತ್ರಿ ಮೇಜಿನಲ್ಲಿ ಹಳದಿ ಫೋಲ್ಡರಿನಲ್ಲಿ ಇರುತ್ತದೆ. ಹೋಗಿ ನೋಡಿದ್ದೇನೆ, ನನ್ನದೂ ಇದೆ. ನನ್ನದನ್ನು ತೋರಿಸುವಾಗ ಉಳಿದವರ ಹೆಸರು ಕಾಣದಂತೆ ಕೈ ಅಡ್ಡ ಹಿಡಿದು ತೋರಿಸಿದರು.

ಸಣ್ಣವೂ ಕೆಲವು ಇವೆ. ಒಂದು ಸಲ ಪಾಠಕ್ಕೆ ಬಂದ ವಿದ್ಯಾರ್ಥಿನಿ ಒಳಗೆ ಕೂರಬಹುದಾ ಅಂತ ಕೇಳಿದರು. ಬೇಡ ಅಂದೆ. ಆ ಹುಡುಗಿ ನಕ್ಕು ಎದ್ದು ಹೋದಳು, ಅವತ್ತಿನ ಮಾತುಕತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಬರಲಿಲ್ಲ. ಇನ್ನೊಂದು ಸಲ ಕೌನ್ಸೆಲರಿಗೆ ಅಂತ ಕುಶನ್ ಕವರ್ ಹೊಲಿದುಕೊಂಡು ಹೋಗಿದ್ದೆ. ಮನೆಗೆ ತಗೊಂಡು ಹೋಗಲು ಆಗುವುದಿಲ್ಲ ಅಂದರು. ಬೇಜಾರಾಯಿತು. ಆಮೇಲೆ ಕಾರಣ ಹೇಳಿದರು: ‘ನಾಳೆ ನನ್ನ ಮೇಲೆ ನಿಮಗೆ ಸಿಟ್ಟು ಬಂದರೆ ಅದನ್ನು ಹೇಳೋಕೆ ಈ ಕವರ್ ಅಡ್ಡ ಬರಬಾರದು.’ ಕಾಯುವ ಹಾಲಿನ ಕುರ್ಚಿಗೆ ಹಾಕಬಹುದಾ ಅಂತ ಕೇಳಿದರು. ಹಾಕಿದೆವು. ಈಗ ಯಾರು ಯಾರೋ ಒರಗಿ ಕೂರುತ್ತಾರೆ, ನೋಡಿ ಸಂತೋಷವಾಗುತ್ತದೆ.

ಹಗಲಿನ ಹಾಲ್ ನೋಡಿಕೊಳ್ಳುವವರು ತಾವೇ ಈ ಕಾಯಿಲೆ ಪಟ್ಟು ಬಂದವರು, ಸಂಬಳದ ಕೆಲಸದಲ್ಲಿದ್ದಾರೆ. ಅಲ್ಲಿ ಗೋಡೆಗೆ ಒಂದು ನೀಲಿ ಕುದುರೆಯ ಚಿತ್ರ ಇದೆ. ಮಕ್ಕಳ ಚಿತ್ರ ಅಂದುಕೊಂಡಿದ್ದೆ. ಅವರು ಕಥೆ ಹೇಳಿದರು. ಇಟಲಿಯ ಟ್ರಿಯೆಸ್ಟ್ ಊರಿನ ಹುಚ್ಚಾಸ್ಪತ್ರೆಗೆ 1971ರಲ್ಲಿ ಫ್ರಾಂಕೊ ಬಸಾಲಿಯಾ ಎಂಬ ವೈದ್ಯರು ಮುಖ್ಯಸ್ಥರಾಗಿ ಬಂದರು. 1973ರಲ್ಲಿ ರೋಗಿಗಳೂ ಕಲಾವಿದರೂ ಸೇರಿ ಮರ, ಕಾಗದದ ತಿರುಳಿನಿಂದ ದೊಡ್ಡ ನೀಲಿ ಕುದುರೆ ಮಾಡಿದರು. ಆಸ್ಪತ್ರೆಯ ಒಗೆಯುವ ಬಟ್ಟೆಯ ಗಾಡಿ ಎಳೆಯುತ್ತಿದ್ದ ನಿಜವಾದ ಕುದುರೆಯ ಹೆಸರನ್ನೇ ಅದಕ್ಕಿಟ್ಟರು: ಮಾರ್ಕೊ ಕವಾಲ್ಲೊ. ಕುದುರೆ ಬಾಗಿಲಿಗಿಂತ ದೊಡ್ಡದಾಯಿತು, ಬಾಗಿಲನ್ನೇ ಒಡೆದು ಊರೊಳಗೆ ಮೆರವಣಿಗೆ ಹೋದರು. 1978ರಲ್ಲಿ ಇಟಲಿ 180ನೇ ಕಾನೂನು ತಂದು ಅಂಥ ಆಸ್ಪತ್ರೆಗಳಿಗೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಆ ಕುದುರೆಯ ಮೈಮೇಲಿನ ಬಟ್ಟೆ ಯಾರು ಹೊಲಿದರು? ಬಟ್ಟೆ ಇರಲಿಲ್ಲ, ಬಣ್ಣ ಮಾತ್ರ ಅಂದರು. ಇದೆಲ್ಲ ಒಂದು ಊರಿನ ವಿಚಿತ್ರ ಅಂತ ತಳ್ಳಿಹಾಕುವ ಹಾಗಿಲ್ಲ. ವಿಕಲಚೇತನರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ 25ನೇ ವಿಧಿ, ಚಿಕಿತ್ಸೆ ವ್ಯಕ್ತಿಯ ಸ್ವತಂತ್ರವಾದ, ತಿಳಿದುಕೊಟ್ಟ ಒಪ್ಪಿಗೆಯ ಮೇಲೆ ನಡೆಯಬೇಕು ಅನ್ನುತ್ತದೆ. ದೀರ್ಘಕಾಲದ ಮಾನಸಿಕ ತೊಂದರೆ ಇರುವವರೂ ಆ ಒಡಂಬಡಿಕೆಗೆ ಸೇರುತ್ತಾರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾರ್ಗದರ್ಶಿಯೂ ಬಲವಂತವಿಲ್ಲದ, ವ್ಯಕ್ತಿಯ ಹಕ್ಕನ್ನು ಮುಂದಿಟ್ಟುಕೊಂಡ ಸೇವೆಗಳ ಬಗ್ಗೆಯೇ.

ಇನ್ನೂ ಸರಿಹೋಗದ್ದು ಮೂರಿದೆ. ಏಳು ವಾರದ ಕಾಯುವಿಕೆ ಹಾಗೇ ಇದೆ. ಕುಸಿದಿರುವವರಿಗೆ ಏಳು ವಾರ ಬಲು ದೊಡ್ಡದು. ದಿನಗೂಲಿಯವರು ರಜಾ ಹಾಕದೆ ಬರುವಂಥ ಸಂಜೆಯ ಹೊತ್ತು ಇಲ್ಲ. ಅಭಿಪ್ರಾಯದ ಫಾರಂ ಅನ್ನು ಕೌನ್ಸೆಲರೇ ಕೈಗೆ ಕೊಟ್ಟು ಎದುರಿಗೇ ನಿಲ್ಲುತ್ತಾರೆ, ಹಾಗೆ ನಿಂತರೆ ಯಾರು ತಾನೇ ಕಡಿಮೆ ಅಂಕ ಹಾಕುತ್ತಾರೆ? ಇದನ್ನು ಎರಡು ಸಲ ಹೇಳಿದ್ದೇನೆ, ಪೆಟ್ಟಿಗೆ ಇಡುತ್ತೇವೆ ಅಂದಿದ್ದಾರೆ, ಇನ್ನೂ ಇಟ್ಟಿಲ್ಲ. ಮೊದಲ ವರ್ಷ ರಿಸೆಪ್ಷನ್ನಿನವರು ಕಾಯುವ ಹಾಲಿನಲ್ಲಿ ನನ್ನ ಮಾತ್ರೆಯ ಹೆಸರನ್ನು ಗಟ್ಟಿಯಾಗಿ ಕೂಗಿದ್ದೂ ಉಂಟು, ಅದು ಮಾತ್ರ ಹೇಳಿದ ವಾರವೇ ನಿಂತಿತು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಹೊಸದಾಗಿ ಎಲ್ಲಿಗಾದರೂ ಹೋಗುವವರು ಮೊದಲ ದಿನವೇ ಕೇಳಿ: ನನ್ನ ಫೈಲ್ ನಾನು ಓದಬಹುದಾ? ಈ ಮಾತ್ರೆಯಿಂದ ಏನು ತೊಂದರೆ, ಬೇರೆ ದಾರಿ ಏನಿದೆ, ಬೇಡ ಅಂದರೆ ಏನಾಗುತ್ತದೆ? ಕೈ ಕಟ್ಟುವುದು, ಒಬ್ಬರನ್ನೇ ಕೂಡಿಹಾಕುವುದು ನಿಮ್ಮಲ್ಲಿ ಇದೆಯಾ, ಕಳೆದ ಸಲ ಯಾವಾಗ ಮಾಡಿದ್ದಿರಿ? ದೂರು ಯಾರಿಗೆ ಕೊಡಬೇಕು? ಉತ್ತರಕ್ಕಿಂತ, ಕೇಳಿದಾಗ ಅವರ ಮುಖ ಹೇಗಾಗುತ್ತದೆ ನೋಡಿ. ನಾನು ಕೇಳಿದಾಗ ಇಲ್ಲಿನ ಡಾಕ್ಟರ್ ಕೈಕಟ್ಟುವ ಪ್ರಶ್ನೆಗೆ ತಕ್ಷಣ ಇಲ್ಲ ಅನ್ನಲಿಲ್ಲ. ‘ನಾಲ್ಕು ವರ್ಷದ ಹಿಂದೆ ಒಂದು ಸಲ, ಹದಿನೈದು ನಿಮಿಷ. ಅದರ ಬಗ್ಗೆ ಇವತ್ತಿಗೂ ಮಾತಾಡ್ತೀವಿ’ ಅಂದರು.

ಹೋದ ತಿಂಗಳ ಭೇಟಿಯಲ್ಲಿ ಫೈಲಿನಲ್ಲಿ ಒಂದು ಪದ ತಿದ್ದಿಸಿದೆ. ‘ರೋಗಿಗೆ ಕೆಲಸದ ಗೀಳು’ ಅಂತ ಯಾರೋ ಬರೆದಿದ್ದರು. ಗೀಳಲ್ಲ, ಹಬ್ಬದ ಆರ್ಡರ್ ಅಂದೆ. ಡಾಕ್ಟರ್ ಅದನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ನಾನು ಹೇಳಿದ್ದನ್ನು ಬರೆದು, ತಾರೀಕು ಹಾಕಿ, ನನ್ನಿಂದಲೂ ಸಹಿ ಹಾಕಿಸಿದರು. ದಾರ ಮೂರನೇ ಸಲಕ್ಕೆ ಹೋಯಿತು. ಮುಂದಿನ ಸಲ ಮಣಿ ಕೂರಿಸುವ ಹತ್ತನೇ ನಂಬರಿನ ಸೂಜಿ ತರುತ್ತೇನೆ ಅಂದಿದ್ದೇನೆ, ಅದರ ಕಣ್ಣು ಇನ್ನೂ ಸಣ್ಣದು. ಅದಕ್ಕೊಂದು ಹೊಸ ಸಾಲು ಬಿಟ್ಟಿದ್ದಾರೆ.